ಒಂಬತ್ತನೇ ಡಬ್ಬಿ

ಬಾಣಲೆಯಲ್ಲಿ ಕೊತ್ತಂಬರಿ ಬೀಜ ಇನ್ನೇನು ಘಮ್ಮೆನ್ನಬೇಕು, ಅಷ್ಟರಲ್ಲಿ ಮೆಂತ್ಯ ಹುರಿಯುವುದನ್ನು ಮರೆತಿದ್ದು ನೆನಪಾಯಿತು. ಒಂದು ಕೈಯಲ್ಲಿ ಮಗುಚುತ್ತಲೇ ಇನ್ನೊಂದು ಕೈಯನ್ನು ಹಿಂದಿನ ಹಲಗೆಗೆ ಚಾಚಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರೆ ಒಳಗೆ ಒಡೆದ ಸ್ಲೇಟಿನ ಚೂರು. ಅದು ಮೊದಲನೇ ಅಧ್ಯಾಯ. ಪಕ್ಕದ್ದು ಬಿಚ್ಚಿದೆ, ಗಾಜಿನ ಬಳೆಯ ತುಂಡು. ಎರಡನೇದು. ಅದರಾಚೆಯದರಲ್ಲಿ ಒಣಗಿದ ಹುಣಸೆ ಬೀಜ. ಬಾಣಲೆಯಿಂದ ಕೊತ್ತಂಬರಿ ಸೀಯುವ ವಾಸನೆ ಬಂತು. “ಮೆಂತ್ಯ ಎಲ್ಲಿಟ್ಟಿದ್ದೀಯೇ ಸಾಕಮ್ಮ?” ಅಂದೆ. ಸಾಕಮ್ಮ ನನ್ನ ಓರಗಿತ್ತಿ. ಅಣ್ಣತಮ್ಮಂದಿರಿಬ್ಬರೂ ಹೋದಮೇಲೆ ನಾವಿಬ್ಬರು ಹೆಂಗಸರು ಒಂದೇ ಒಲೆಯಲ್ಲಿ ಸಾರಿನ ಪುಡಿ ಹುರಿದು ಮಾರಿಕೊಂಡಿದ್ದೇವೆ. ಅವಳು ಬೀಸುವ ಕಲ್ಲಿನ ಮುಂದಿನಿಂದ ಏಳದೆಯೇ, “ನಿಮ್ಮ ಕಾದಂಬರಿ ಬಂದು ಒಕ್ಕಲೆಬ್ಬಿಸಿದ ಮೇಲೆ ಮೆಂತ್ಯ ನನ್ನ ಸೀರೆ ಪೆಟ್ಟಿಗೇಲಿ ಬಿಡಾರ ಹಾಕಿದೆ ಅಕ್ಕ. ಜೀರಿಗೆ ದೇವರ ಗೂಡಲ್ಲಿದೆ. ಮೆಣಸು ಎಲ್ಲಿದೆ ಅಂತ ನನಗೂ ಗೊತ್ತಿಲ್ಲ, ಸಿಕ್ಕಿದ ದಿನ ಹೇಳ್ತೀನಿ” ಅಂದಳು.

ನಮ್ಮೂರಿನಲ್ಲಿ ಅಕ್ಷರ ನಿಲ್ಲುವುದು ವರ್ಷಕ್ಕೆ ಒಂದೇ ತಿಂಗಳು, ಅವರೆಕಾಯಿ ಬರುವ ಕಾಲದಲ್ಲಿ. ಉಳಿದ ಹನ್ನೊಂದು ತಿಂಗಳು ಏನೇ ಬರೆದರೂ ಮರುದಿನ ಬೆಳಗಾಗುವಷ್ಟರಲ್ಲಿ ಹಾಳೆ ಬೋಳು. ಹೊರಗೆ ಅಚ್ಚಾಗಿ ಬಂದ ಪುಸ್ತಕವೂ ಅಷ್ಟೆ, ಒಂದು ರಾತ್ರಿ ನಮ್ಮಲ್ಲಿ ತಂಗಿದರೆ ಅದೂ ಬೋಳು. ಹಾಗಂತ ಯಾರೂ ಹಣೆ ಚಚ್ಚಿಕೊಂಡು ಕೂತಿಲ್ಲ. ಅಂಗಡಿಗಳ ಮೇಲೆ ಚಿತ್ರ ಇರುತ್ತದೆ; ಕತ್ತರಿ ಕಂಡರೆ ದರ್ಜಿ, ತಕ್ಕಡಿ ಕಂಡರೆ ದಿನಸಿ. ವೈದ್ಯರು ದಿನಕ್ಕೆ ಎಷ್ಟು ಸಲ ಕುಡಿಯಬೇಕೋ ಅಷ್ಟು ಗಂಟಿನ ದಾರವನ್ನು ಔಷಧಿ ಸೀಸೆಗೆ ಕಟ್ಟಿಕೊಡುತ್ತಾರೆ. ಮದುವೆಗೆ ಕರೆಯುವವರು ವೀಳ್ಯದೆಲೆ ಕೊಟ್ಟು ಹೋಗುತ್ತಾರೆ, ಎಷ್ಟು ಎಲೆಯೋ ಅಷ್ಟು ದಿನಕ್ಕೆ ಮದುವೆ. ಊಟವಾದ ಮೇಲೆ ಮೈಮರೆತು ಎರಡೆಲೆ ಹಾಕಿಕೊಂಡ ನೆಂಟರು ಎರಡು ದಿನ ಮುಂಚೆಯೇ ಬಂದು ಜಗಲಿಯಲ್ಲಿ ಕೂತಿರುವುದೂ ಉಂಟು.

ಆ ಒಂದು ತಿಂಗಳಲ್ಲಿ ಬರೆದದ್ದು ಮಾತ್ರ ಅಳಿಯುವುದಿಲ್ಲ. ಅದಕ್ಕೇ ನಮ್ಮೂರಿನ ಕಾದಂಬರಿಗಳೆಲ್ಲ ಮೂವತ್ತು ದಿನದಲ್ಲಿ ಹುಟ್ಟಿದವು. ಓದುವ ಮನೆಯ ಕಪಾಟಿನಲ್ಲಿ ಅವುಗಳನ್ನು ಹೊಲಿದು ಇಟ್ಟಿದ್ದಾರೆ. ಉಳಿದ ಹನ್ನೊಂದು ತಿಂಗಳು ಊರಿಗೆ ಊರೇ ಓದುವುದು ಅವನ್ನೇ. ಆದರೆ ಆ ತಿಂಗಳು ಎಲ್ಲರಿಗೂ ಕಾಗದ ಬೇಕು, ಜಮೀನಿನ ಪತ್ರಕ್ಕೆ, ಪರೀಕ್ಷೆಗೆ, ನೆಂಟರ ಕ್ಷೇಮಸಮಾಚಾರಕ್ಕೆ. ಹಾಗಾಗಿ ಕಾದಂಬರಿಗೆಂದು ಕಟ್ಟು ಕಟ್ಟು ಹಾಳೆ ಸಿಗುವುದು ವರ್ಷಕ್ಕೆ ಎಂಟು ಜನಕ್ಕೆ. ಬೇಕೆಂದವರು ಮೊದಲೇ ಹೋಗಿ ಹಂದರ ಒಪ್ಪಿಸಬೇಕು. ಅಂದರೆ, ಕಥೆ ಎಲ್ಲಿಂದ ಹೊರಟು ಎಲ್ಲೆಲ್ಲಿ ಹಾದು ಎಲ್ಲಿ ಮುಟ್ಟುತ್ತದೆ ಅನ್ನುವುದನ್ನು ಒಂದು ಸಲ ಬಾಯಲ್ಲಿ ಹೇಳಬೇಕು. ಎಂಟು ದಿನ ಬಿಟ್ಟು ಮತ್ತೆ ಹೇಳಬೇಕು. ಎರಡೂ ಒಂದಕ್ಕೊಂದು ಕೂಡಿ ಬಂದರೆ ಹಾಳೆ. ಬರೆದಿಟ್ಟುಕೊಳ್ಳುವಂತಿಲ್ಲವಲ್ಲ, ಒಬ್ಬೊಬ್ಬರದು ಒಂದೊಂದು ಉಪಾಯ. ನಮ್ಮ ಬೀದಿಯ ಕ್ಷೌರದವನು ಒಂದೊಂದು ಅಧ್ಯಾಯವನ್ನು ಒಂದೊಂದು ಮನೆಯ ಬಾಗಿಲಿಗೆ ಅಂಟಿಸಿದಂತೆ ನೆನಪಿಟ್ಟುಕೊಂಡು ದಿನಾ ಬೀದಿಯುದ್ದ ನಡೆಯುತ್ತಿದ್ದ; ಆ ವರ್ಷ ಪಕ್ಕದವರು ಮಹಡಿ ಕಟ್ಟಿಸಿದ್ದರಿಂದ ಕಥೆಗೆ ಒಂದು ಅಧ್ಯಾಯ ಹೆಚ್ಚಾಯಿತು. ಹೂ ಕಟ್ಟುವವಳೊಬ್ಬಳು ದಾರದಲ್ಲಿ ಗಂಟು ಹಾಕಿಟ್ಟಿದ್ದಳು, ನಡುವಿನ ಮೊಳದಷ್ಟನ್ನು ಕರು ಜಗಿದುಬಿಟ್ಟಿತು. ಅವಳ ಕಥೆ ಮದುವೆಯಿಂದ ನೇರ ಸಾವಿಗೆ ಹಾರಿತು. ಜನ ಅದನ್ನೇ ಹೆಚ್ಚು ಓದಿದರು.

ನನಗೆ ಇವೆಲ್ಲ ನೋಡುವುದೇ ಒಂದು ಹುಚ್ಚು. ಯಾರು ಯಾವುದರಲ್ಲಿ ಕಥೆ ಕಟ್ಟಿಟ್ಟಿದ್ದಾರೆ ಎಂದು ಸಾರಿನ ಪುಡಿ ಕೊಡಲು ಹೋದ ಮನೆಯಲ್ಲೆಲ್ಲ ಕಣ್ಣಾಡಿಸುತ್ತಿದ್ದೆ. ನಾನು ಡಬ್ಬಿ ಹಿಡಿದೆ. ಇಪ್ಪತ್ತೆರಡು ಡಬ್ಬಿ, ಇಪ್ಪತ್ತೆರಡು ಅಧ್ಯಾಯ. ದಿನಕ್ಕೊಂದು ಬರೆದರೂ ಎಂಟು ದಿನ ಉಳಿಯುತ್ತದೆ, ಜ್ವರಕ್ಕೆ, ನೆಂಟರಿಗೆ, ಕೈನೋವಿಗೆ. ಪ್ರತಿ ಡಬ್ಬಿಯಲ್ಲಿ ಆ ಅಧ್ಯಾಯದ್ದೊಂದು ವಸ್ತು. ಮುಚ್ಚಳ ತೆಗೆದರೆ ಮನುಷ್ಯರು ಎದ್ದು ಮಾತಾಡಬೇಕು, ಹಾಗೆ. ಮಾತಾಡದಿದ್ದರೆ ವಸ್ತು ಬದಲಾಯಿಸುತ್ತಿದ್ದೆ. ಹತ್ತನೇದಕ್ಕೆ ಮೊದಲು ಬಸ್ ಟಿಕೆಟ್ ಇಟ್ಟಿದ್ದೆ, ಅಕ್ಷರ ಹಾರಿಹೋದ ಹಳದಿ ಚೂರು. ಎಷ್ಟು ದಿನ ನೋಡಿದರೂ ಅದರಲ್ಲಿ ಯಾರೂ ಬಸ್ ಹತ್ತಲಿಲ್ಲ. ಅದನ್ನು ತೆಗೆದು ಚಪ್ಪಲಿಯ ಕಿತ್ತ ಉಂಗುಟ ಇಟ್ಟೆ. ಮಾರನೇ ದಿನವೇ ಹೊರಟಳು.

ಹೊರಟವಳಿಗೆ ಕಥೆಯಲ್ಲಿ ಸಣ್ಣಮ್ಮ ಅಂತ ಹೆಸರಿಟ್ಟಿದ್ದೆ. ನಿಜದಲ್ಲಿ ಅವಳು ದೇವೀರಮ್ಮ. ನಾನು ಅಕ್ಷರ ಕಲಿತದ್ದು ಐವತ್ತೊಂದು ತುಂಬಿದ ಮೇಲೆ, ರಾತ್ರಿ ಶಾಲೆಯಲ್ಲಿ. ಅವಳು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ನಾನು ಸಾರಿನ ಪುಡಿ ವಾಸನೆ, ಅವಳು ಸೀಗೆಕಾಯಿ ವಾಸನೆ. ಅವಳದು ಸೀಗೆಪುಡಿ ಅಂಗಡಿ. “ನಾವಿಬ್ಬರೂ ಸೇರಿದರೆ ಒಬ್ಬರ ಸ್ನಾನ ಊಟ ಎರಡೂ ಆಯ್ತು ಕಣೆ ತಾಯಿ” ಅನ್ನುತ್ತಿದ್ದಳು. ನನ್ನ ಹೆಸರು ಚಿಕ್ಕತಾಯಮ್ಮ. ತಾಯಿ ಎಂದು ಕರೆಯುತ್ತಿದ್ದುದು ಅವಳೊಬ್ಬಳೇ. ಅವಳ ಮಗಳು ತಾನೊಪ್ಪಿದವನ ಜೊತೆ ಊರು ಬಿಟ್ಟು ಆರು ವರ್ಷವಾಗಿತ್ತು, ಒಂದು ಸುದ್ದಿಯಿಲ್ಲ. ಹತ್ತೊಂಬತ್ತು ವರ್ಷದ ಕೆಳಗೆ, ಅಕ್ಷರ ನಿಲ್ಲದ ಒಂದು ತಿಂಗಳಲ್ಲಿ, ಆ ಮಗಳಿಂದ ಪತ್ರ ಬಂತು.

ಅಂಥ ತಿಂಗಳಲ್ಲಿ ಬಂದ ಪತ್ರವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ಗಟ್ಟಿಯಾಗಿ ಓದಿಸಿಕೊಂಡು, ಜೊತೆಗಿದ್ದವರು ಬಾಯಿಪಾಠ ಮಾಡಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅಂಚೆಯವನು ಕೈ ಚಾಚಿದ. ನಾನು ಕೊಡಲಿಲ್ಲ. “ನಮಗೂ ಬರುತ್ತೆ ಕಣಪ್ಪ, ವರ್ಷದಿಂದ ದೀಪದೆಣ್ಣೆ ಸುಟ್ಟಿದ್ದೀವಿ” ಅಂದೆ. ದೇವೀರಮ್ಮ, “ನೀನೇ ಓದು ತಾಯಿ” ಅಂದಳು. ಹನ್ನೊಂದು ಸಾಲಿತ್ತು. ಓದುತ್ತ ಹೋದೆ. ಹುಣ್ಣಿಮೆ ದಿನ ಹೊಳೆಯಾಚೆಯ ದೊಡ್ಡ ನಿಲ್ದಾಣದಲ್ಲಿ ಇರುತ್ತೇನೆ, ಬಾ ಅಮ್ಮ, ಎನ್ನುವವರೆಗೆ ಸರಾಗ ಬಂತು. ಮುಂದಿನ ಸಾಲು ‘ಆದರೆ’ ಎಂದು ಶುರುವಾಗಿತ್ತು. ಅದರಾಚೆ ಒಂದರ ಕೆಳಗೊಂದು ಜೋತುಬಿದ್ದ ಅಕ್ಷರಗಳು. ಅಲ್ಲಿಯವರೆಗಿನ ಒತ್ತುಗಳು ದಿನಾ ಆಡುವ ಮಾತಿನವು, ಅಂದಾಜಿನ ಮೇಲೆ ಓದಿದ್ದೆ; ಇವು ಗುರುತೇ ಸಿಗಲಿಲ್ಲ, ಅಷ್ಟು ದೂರ ನಮ್ಮ ಪಾಠ ಹೋಗಿರಲಿಲ್ಲ. ಅಂಚೆಯವನು ನೋಡುತ್ತಿದ್ದ, ಮೆಟ್ಟಿಲ ಮೇಲೆ ಇನ್ನೂ ನಾಲ್ಕು ಜನ ಇದ್ದರು. ನಾನು ಉಸಿರೆಳೆದುಕೊಳ್ಳುವವಳ ಹಾಗೆ ಮಾಡಿ ಅದರ ಕೆಳಗಿನ ಸಾಲಿಗೆ ಇಳಿದುಬಿಟ್ಟೆ. ದೇವೀರಮ್ಮ ಪತ್ರವನ್ನು ಮಡಿಚಿ ಕುಪ್ಪಸದೊಳಗಿಟ್ಟುಕೊಂಡಳು. ಮತ್ತೆ ಮತ್ತೆ ಬಿಚ್ಚಿ ನೋಡಿದರೆ ಅಕ್ಷರ ಬೇಗ ಹಾರುತ್ತದೆ ಎಂದು ನಮ್ಮೂರ ಹೆಂಗಸರ ನಂಬಿಕೆ. ಅವಳು ಆ ದಿನವಿಡೀ ಅದನ್ನು ಬಿಚ್ಚಲೇ ಇಲ್ಲ. ಬೆಳಗ್ಗೆ ಹಾಳೆ ಬೋಳಾಗಿತ್ತು.

ಹುಣ್ಣಿಮೆಗೆ ಹೋದಳು. ಬೆಳಗಿನಿಂದ ಕೊನೆಯ ಗಾಡಿಯವರೆಗೆ ನಿಂತಳು. ಯಾರೂ ಬರಲಿಲ್ಲ. ವಾಪಸು ಬಂದವಳು ನನ್ನನ್ನೊಂದು ಮಾತೂ ಕೇಳಲಿಲ್ಲ, ಊರನ್ನು ಬೈದಳು. “ಅಕ್ಷರ ನಿಲ್ಲದ ಊರಲ್ಲಿ ಮನುಷ್ಯರು ಹೇಗೆ ನಿಂತಾರು” ಎಂದು ಅಂಗಡಿ ಮಾರಿ, ಮೂರು ಹೊಳೆ ದಾಟಿ ಹೋಗಿಬಿಟ್ಟಳು. ಎಲ್ಲಿದ್ದೇನೆ ಎಂದು ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದಳು, ನೀನು ಬರೆ ಎಂದೂ. ಪ್ರತಿ ವರ್ಷ ಅಕ್ಷರ ನಿಲ್ಲುವ ತಿಂಗಳಲ್ಲಿ ಹಾಳೆ ತೆಗೆದುಕೊಂಡು ಕೂರುತ್ತಿದ್ದೆ. ‘ಕ್ಷೇಮ’ ಎಂದು ಬರೆಯುವಷ್ಟರಲ್ಲಿ ಯಾರಾದರೂ ಪುಡಿಗೆ ಬರುತ್ತಿದ್ದರು, ಇಲ್ಲವೇ ನಾನೇ ಯಾರಾದರೂ ಬಂದಿದ್ದಾರಾ ಎಂದು ಎದ್ದು ನೋಡುತ್ತಿದ್ದೆ. ಹತ್ತೊಂಬತ್ತು ವರ್ಷ. ಒಂದು ಸಾಲನ್ನು ನುಂಗಿದ್ದು ನಾನು, ಬೈಸಿಕೊಂಡದ್ದು ಊರು.

ಈ ವಯಸ್ಸಿನಲ್ಲಿ ಕಾದಂಬರಿಗೆ ಕೈಹಾಕಿದ್ದೂ ಅದಕ್ಕೇ. ಆ ಸಾಲಿನಲ್ಲಿ ಏನಿತ್ತು? ಹುರಿಯುವಾಗ, ಜರಡಿ ಹಿಡಿಯುವಾಗ, ಹಲ್ಲುಜ್ಜುವಾಗ ಕೂಡ ಅದೇ. ತಿಳಿಯುವಂತಿಲ್ಲ ಎಂದಮೇಲೆ ಕಟ್ಟಿಯಾದರೂ ನೋಡೋಣ ಎಂದು ಹೊರಟೆ. ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣು ದಾರ ಪೋಣಿಸಲಾರದು. ಈ ಸಲ ಬಿಟ್ಟರೆ ಮುಂದಿನ ವರ್ಷ ನನಗೆ ಹಾಳೆಯ ಅಂಚು ಕಂಡರೆ ಹೆಚ್ಚು. ಇಪ್ಪತ್ತೊಂದು ಡಬ್ಬಿ ತುಂಬಿತು. ಸಾಲು ಬರಬೇಕಾದದ್ದು ಒಂಬತ್ತನೇದರಲ್ಲಿ. ಅದಕ್ಕೆ ಏನಿಟ್ಟರೂ ಮಾರನೇ ದಿನಕ್ಕೆ ಸುಮ್ಮನೆ ಕಸದಂತೆ ಕಾಣುತ್ತಿತ್ತು. ಖಾಲಿಯೇ ಬಿಟ್ಟೆ, ಹೇಳುವ ಹೊತ್ತಿಗೆ ಬಾಯಿಗೆ ಬರುತ್ತದೆ ಎಂದು.

ಹಂದರ ಒಪ್ಪಿಸಿಕೊಳ್ಳುವವರು ಗುರುಲಿಂಗಯ್ಯ ಮೇಷ್ಟ್ರು. ನನಗಿಂತ ಹದಿನೈದು ವರ್ಷ ಚಿಕ್ಕವರು, ನನಗೆ ಅಕ್ಷರ ತಿದ್ದಿಸಿದವರೂ ಅವರೇ. ಮೊದಲ ಸಲ ಹೋದಾಗ ಕಣ್ಣುಮುಚ್ಚಿ ಕೂತು ಕೇಳಿದರು. ನಾನು ಮನಸ್ಸಿನಲ್ಲೇ ಹಲಗೆಯ ಮೇಲೆ ಎಡದಿಂದ ಬಲಕ್ಕೆ ಮುಚ್ಚಳ ತೆಗೆಯುತ್ತ ಹೋದೆ. ಎಂಟಾಯಿತು. ಒಂಬತ್ತಕ್ಕೆ, “ಮಗಳು ಬರೀತಾಳೆ, ಆದರೆ ಮಳೆ ಹಿಡಿದರೆ ಬರಬೇಡ ಅಮ್ಮ, ಹೊಳೆ ತುಂಬುತ್ತೆ ಅಂತ” ಅಂದೆ. ಹೇಗೆ ಬಂತೋ, ಸಲೀಸಾಗಿ ಬಂತು. ಇಪ್ಪತ್ತೆರಡೂ ಮುಗಿದಾಗ ಮೇಷ್ಟ್ರು ಕಣ್ಣುಬಿಟ್ಟು, “ಹಂದರ ಗಟ್ಟಿ ಇದೆ ತಾಯಮ್ಮನೋರೆ. ಬಳ್ಳಿ ಹೇಗೆ ಹಬ್ಬಬೇಕು ಅಂತ ಹಂದರ ಹೇಳಬಾರದು, ಬೀಳದ ಹಾಗೆ ನೋಡಿಕೊಂಡರೆ ಸಾಕು” ಅಂದರು. ಹಾರಿಕೊಂಡು ಮನೆಗೆ ಬಂದೆ.

ಎರಡನೇ ಸಲ ಹೇಳಲು ಮೂರು ದಿನ ಇದೆ ಎನ್ನುವಾಗ ನಾನು ಪುಡಿ ಕೊಟ್ಟು ಬರುವಷ್ಟರಲ್ಲಿ ಸಾಕಮ್ಮ ಅಡುಗೆಮನೆಗೆ ಸುಣ್ಣ ಹೊಡೆದು, ಹಲಗೆ ಒರೆಸಿ, ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಬಿಟ್ಟಿದ್ದಳು. ದೊಡ್ಡದರಿಂದ ಚಿಕ್ಕದಕ್ಕೆ, ಮೆಟ್ಟಿಲು ಇಳಿದ ಹಾಗೆ. “ಈಗ ನೋಡಿ, ಕಣ್ಣಿಗೆ ಎಷ್ಟು ತಂಪು” ಅಂದಳು. ಸಣ್ಣಮ್ಮ ಹುಟ್ಟುವ ಮೊದಲೇ ಸತ್ತಿದ್ದಳು, ಮಗಳು ಓಡಿಹೋದ ಮೇಲೆ ಅವಳ ನಾಮಕರಣ. ನೆಲದ ಮೇಲೆ ಇಳಿಸಿಕೊಂಡು ಒಂದೊಂದೇ ಬಿಚ್ಚಿ ಸಾಲಿಗೆ ತರತೊಡಗಿದೆ. ಎಲ್ಲಕ್ಕಿಂತ ದೊಡ್ಡ ಡಬ್ಬಿಯೇ ಒಂಬತ್ತನೇದು; ಅದರ ತುಂಬ ಮೆಂತ್ಯ. “ಅದು ಖಾಲಿ ಇತ್ತಲ್ಲ ಅಕ್ಕ. ಖಾಲಿ ಡಬ್ಬಿ ಮನೆಗೆ ಒಳ್ಳೇದಲ್ಲ” ಅಂದಳು. ತಪ್ಪು ಮಾಡಿದೆ ಎಂದು ಅವಳಿಗೂ ಹೊಳೆದಿರಬೇಕು, ನನ್ನ ಜೊತೆ ಕೂತು, “ಹೇಳಿ, ಯಾವುದರಲ್ಲಿ ಯಾರಿದ್ದಾರೆ ಅಂತ ಹೇಳಿ. ನಾನೂ ನೆನಪಿಟ್ಟುಕೊಳ್ತೀನಿ” ಅಂದಳು.

ಹೇಳಿದೆ. ಇದರಲ್ಲಿ ಸಣ್ಣಮ್ಮ, ಇದರಲ್ಲಿ ಮಗಳು, ಇದರಲ್ಲಿ ಅಂಚೆಯವನು, ಇದು ನಿಲ್ದಾಣ. ಸಾಕಮ್ಮ ಬೆರಳು ಮಡಿಚಿ ಎಣಿಸುತ್ತ ಕೇಳುತ್ತಿದ್ದಳು. ನನ್ನ ಮತ್ತು ದೇವೀರಮ್ಮನ ವಿಷಯ ಅವಳಿಗೆ ಏನೂ ಗೊತ್ತಿಲ್ಲ. ಎಲ್ಲ ಆದಮೇಲೆ, “ಆ ಪತ್ರ ಓದಿದೋರು ಯಾವ ಡಬ್ಬೀಲಿದಾರೆ ಅಕ್ಕ?” ಅಂದಳು. ಯಾರೋ ಓದಿದರು ಅಂದೆ. “ಯಾರೋ ಅಂದರೆ? ಅಂಚೆಯವನಾ?” ಅಲ್ಲ, ಯಾರೋ ಹೆಂಗಸು ಅಂದೆ. “ಮತ್ತೆ ಯಾರು? ಅಷ್ಟೊಂದು ಜನಕ್ಕೆ ಡಬ್ಬಿ ಕೊಟ್ಟು, ಮುಖ್ಯದೋಳಿಗೇ ಜಾಗ ಕೊಟ್ಟಿಲ್ಲವಲ್ಲ. ಅವಳು ಸರಿಯಾಗಿ ಓದಿದಳೋ ಇಲ್ಲವೋ ಅಂತ ನನಗೆ ಆಗಲಿಂದ ಅನುಮಾನ” ಅಂದಳು ಸಾಕಮ್ಮ, ಮೆಂತ್ಯವನ್ನು ಮೊರಕ್ಕೆ ಸುರಿಯುತ್ತ. ನಾನು ಇಪ್ಪತ್ತೆರಡೂ ಡಬ್ಬಿಯನ್ನು ಮತ್ತೊಮ್ಮೆ ನೋಡಿದೆ. ನಿಜ, ಎಲ್ಲೂ ಇರಲಿಲ್ಲ. ಒಂದು ವರ್ಷ ಕೂತು ಕಟ್ಟಿದ ಹಂದರದಲ್ಲಿ ನಾನು ನನ್ನೊಬ್ಬಳನ್ನು ಎಷ್ಟು ನಾಜೂಕಾಗಿ ಹೊರಗಿಟ್ಟಿದ್ದೆ ಎಂದರೆ ನನಗೇ ಗೊತ್ತಾಗಿರಲಿಲ್ಲ.

ಎರಡನೇ ಸಲ ಹೋದಾಗ ಎಂಟರವರೆಗೆ ತಪ್ಪದೆ ಬಂತು. ಒಂಬತ್ತಕ್ಕೆ, “ಆದರೆ ನೀನೊಬ್ಬಳೇ ಬಾ, ಮಾವನ್ನ ಕರಕೊಂಡು ಬರಬೇಡ ಅಂತ ಬರೀತಾಳೆ” ಅಂದೆ. ಹೇಳಿ ಮುಂದಕ್ಕೂ ಹೋಗಿ ಇಪ್ಪತ್ತೆರಡೂ ಮುಗಿಸಿದೆ. ಮೇಷ್ಟ್ರು ಕೈ ಎತ್ತಿದರು. “ಹೋದ ಸಲ ಮಳೆ ಅಂದಿದ್ರಿ.” ಅಂದಿದ್ದೆನಾ ಎಂದು ಕೇಳಿದೆ. ಅಂದಿದ್ರಿ, ಹೊಳೆ ತುಂಬುತ್ತೆ ಅಂದಿದ್ರಿ, ಅಂದರು. “ಇಪ್ಪತ್ತೊಂದು ಕಡೆ ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಇಲ್ಲಿ ಮಾತ್ರ ಯಾಕೆ ತಾಯಮ್ಮನೋರೆ?”

ಬೇರೆಯವರಾಗಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆನೇನೋ. ಆದರೆ ಇವರು ನನ್ನ ಕೈ ಹಿಡಿದು ‘ಅ’ ಬರೆಸಿದವರು. ಮೆಟ್ಟಿಲಿನ ವಿಷಯ ಹೇಳಿದೆ. ಹನ್ನೊಂದು ಸಾಲಿತ್ತು, ಓದಿದ್ದು ಹತ್ತು ಎಂದೆ. ಮೇಷ್ಟ್ರು ಅಯ್ಯೋ ಪಾಪ ಎನ್ನಲಿಲ್ಲ, ಗದರಲೂ ಇಲ್ಲ. ಮೇಜಿನ ಮೇಲೆ ಬೆರಳಾಡಿಸುತ್ತ, “ಆ ವರ್ಷ ಒತ್ತಕ್ಷರ ತಡವಾಗಿ ಶುರುಮಾಡಿದೆ. ನನಗೆ ಚಳಿಜ್ವರ ಬಂದಿತ್ತು” ಅಂದರು. ಆಮೇಲೆ ಎದ್ದು ಕಪಾಟಿನಿಂದ ಹಾಳೆಯ ಕಟ್ಟು ತಂದು ನನ್ನ ಮುಂದಿಟ್ಟರು. ದಾರ ಕಟ್ಟಿದ ಹೊಸ ಹಾಳೆ. ಅದರ ವಾಸನೆಗೇ ಬಾಯಲ್ಲಿ ನೀರು ಬಂತು. “ಮೂರನೇ ಸಲ ಹೇಳಬಾರದು ಅಂತ ನಿಯಮ ಇಲ್ಲ. ನಾಳೆ ಬನ್ನಿ. ಮೊದಲು ಹೇಳಿದ ಮಳೇನೇ ಹೇಳಿ. ಕೂಡಿ ಬಂತು ಅಂತ ಕೊಟ್ಟುಬಿಡ್ತೀನಿ. ಕಟ್ಟುಕಥೆ ತಾನೆ, ಏನು ಬೇಕಾದರೂ ಇರಬಹುದು.”

ಮನೆಗೆ ಬಂದು ಹಲಗೆಯ ಮುಂದೆ ಕೂತೆ. ಮಳೆ ಅಂದರೆ ಮುಗಿಯಿತು. ಮೂವತ್ತು ದಿನದಲ್ಲಿ ಕಪಾಟಿನಲ್ಲಿ ನನ್ನದೊಂದು ಪುಸ್ತಕ. ಜನ ಓದುತ್ತಾರೆ, ಅಳುತ್ತಾರೆ, ಹೊಳೆ ತುಂಬಿದ್ದರಿಂದ ಹೀಗಾಯಿತು ಎನ್ನುತ್ತಾರೆ. ಹತ್ತು ವರ್ಷ ಹೋದರೆ ನಾನೂ ಅದನ್ನೇ ನಂಬುತ್ತೇನೆ. ನಮ್ಮೂರಿನಲ್ಲಿ ಅಳಿಯದೆ ಉಳಿಯುವುದು ಕಪಾಟಿನಲ್ಲಿರುವುದೊಂದೇ. ಅದರಲ್ಲಿರುವುದೇ ನಡೆದದ್ದು ಎಂದು ಸಲೀಸಾಗಿ ನಂಬುವವರು ನಾವು. ಅಲ್ಲದೆ ನನಗೆ ಗೊತ್ತಾಗಬೇಕಾಗಿದ್ದುದು ಮಳೆಯಲ್ಲ. ಆ ‘ಆದರೆ’ಯ ಮುಂದೆ ನಿಜಕ್ಕೂ ಏನಿತ್ತು ಎನ್ನುವುದು. ಅದನ್ನು ಬಲ್ಲವಳು ಮಗಳೊಬ್ಬಳೇ, ಮಗಳು ಸಿಕ್ಕಿದ್ದರೆ ದೇವೀರಮ್ಮ. ಕೇಳಿದರೆ ಸಿಗಬಹುದಾದದ್ದನ್ನು ನಾನು ಒಂದು ವರ್ಷದಿಂದ ಡಬ್ಬಿಯೊಳಗೆ ಹುಡುಕುತ್ತ ಕೂತಿದ್ದೆ. ಕೇಳಬೇಕಾದರೆ ಮಾತ್ರ ಮೊದಲು ಹೇಳಬೇಕಿತ್ತು.

ಮಾರನೇ ದಿನ ಹೋಗಿ, “ಕಟ್ಟು ಬೇರೆಯವರಿಗೆ ಕೊಡಿ ಮೇಷ್ಟ್ರೇ. ನನಗೆ ಒಂದೇ ಹಾಳೆ ಸಾಕು” ಅಂದೆ. “ಕಣ್ಣು?” ಅಂದರು. ಮುಂದಿನ ವರ್ಷ ಕಾಣದಿದ್ದರೆ ನಾನು ಹೇಳ್ತೀನಿ, ನೀವು ಬರಕೊಳ್ಳಿ, ಅಂದೆ. ಮೇಷ್ಟ್ರು ನಕ್ಕು, “ನನ್ನ ಕೈಬರಹ ನಿಮ್ಮಷ್ಟು ದುಂಡಗಿಲ್ಲ” ಎಂದು ಕಟ್ಟಿನ ಮಧ್ಯದಿಂದ ಮಡಿಕೆಯಿಲ್ಲದ ಒಂದು ಹಾಳೆಯನ್ನು ಎಳೆದುಕೊಟ್ಟರು. ಡಬ್ಬಿಗಳು ಇನ್ನೊಂದು ವರ್ಷ ಅಲ್ಲೇ ಇರುತ್ತವೆ ಎಂದಾಗ ಸಾಕಮ್ಮ, “ಹಾಗಾದರೆ ನನ್ನ ಸೀರೆಗಳಿಗೆ ಒಗ್ಗರಣೆ ಕೊಡೋದೊಂದು ಬಾಕಿ” ಅಂದಳು. ಆಮೇಲೆ ನಾನು ಕೇಳದೆಯೇ ಒಲೆ ಮುಂದೆ ನನ್ನ ಜಾಗದಲ್ಲಿ ಕೂತು, ಇವತ್ತು ಪುಡಿಗೆ ಯಾರು ಬಂದರೂ ನಾನೇ ನೋಡಿಕೊಳ್ಳುತ್ತೇನೆ ಎಂದಳು.

ಅದು ಅಕ್ಷರ ನಿಲ್ಲುವ ತಿಂಗಳ ಮೊದಲ ಬೆಳಗು. ಬೀದಿಯಲ್ಲಿ ಪ್ರತಿ ಜಗಲಿಯ ಮೇಲೂ ಒಬ್ಬರು ಬಗ್ಗಿ ಬರೆಯುತ್ತಿದ್ದರು. ನಾನೂ ಕೂತೆ. ‘ದೇವೀರಮ್ಮ, ನಾನು ಚಿಕ್ಕತಾಯಿ. ಆ ದಿನ ಮೆಟ್ಟಿಲ ಮೇಲೆ ನಿನ್ನ ಮಗಳ ಪತ್ರದಲ್ಲಿ ಹನ್ನೊಂದು ಸಾಲಿತ್ತು. ನಾನು ಹತ್ತು ಓದಿದೆ. ಬಾ ಅಮ್ಮ ಅಂದ ನಂತರದ ಸಾಲು ಆದರೆ ಅಂತ ಶುರುವಾಗಿತ್ತು, ಆ ಸಾಲಿನಲ್ಲಿ ಮುಂದಿನದು ನನಗೆ ಓದಲು ಬರಲಿಲ್ಲ. ಬರಲಿಲ್ಲ ಎಂದು ಹೇಳಲು ನಾಚಿಕೆಯಾಗಿ ಬಿಟ್ಟುಬಿಟ್ಟೆ. ಅಕ್ಷರ ಹಾರಿದ್ದು ಮಾರನೇ ಬೆಳಗ್ಗೆ, ಊರಿನದು ತಪ್ಪಿಲ್ಲ. ನೀನು ಹುಣ್ಣಿಮೆಗೆ ಹೊರಟಾಗ ನಾನೇ ಬುತ್ತಿ ಕಟ್ಟಿಕೊಟ್ಟೆ, ಆಗಲೂ ಹೇಳಲಿಲ್ಲ. ಮಗಳು ಸಿಕ್ಕಳೋ ಇಲ್ಲವೋ ನನಗೆ ತಿಳಿಯದು. ಸಿಕ್ಕಿದ್ದರೆ ಆ ಸಾಲಿನಲ್ಲಿ ಏನು ಬರೆದಿದ್ದಳೆಂದು ಕೇಳಿ ನನಗೆ ತಿಳಿಸು. ಕಾದಂಬರಿಗೂ ಬೇಕು, ಸುಳ್ಳು ಹೇಳಲಾರೆ. ಆದರೆ ಕಾದಂಬರಿ ಇಲ್ಲದಿದ್ದರೂ ಕೇಳುತ್ತಿದ್ದೆ. ತಿಳಿಸಬಾರದು ಅನ್ನಿಸಿದರೆ ಬೈದು ಬರೆ. ಒತ್ತಕ್ಷರದಲ್ಲೇ ಬೈ, ಈಗ ಓದಲು ಬರುತ್ತದೆ.’

ಇಷ್ಟು ಬರೆಯಲು ಮಧ್ಯಾಹ್ನವಾಯಿತು. ಅಂಚೆ ಕಚೇರಿಗೆ ಹೋಗುವಷ್ಟರಲ್ಲಿ ಬಾಗಿಲವರೆಗೆ ಸಾಲು. ನನ್ನ ಮುಂದಿದ್ದವನು ಆರು ಪತ್ರ ಹಾಕಿದ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು. ಹನ್ನೊಂದು ತಿಂಗಳ ಮಾತೆಲ್ಲ ಒಂದೇ ದಿನ ಬಂದು ಬಿದ್ದು ಪೆಟ್ಟಿಗೆ ಕಂಠದವರೆಗೆ ತುಂಬಿತ್ತು. ನನ್ನದನ್ನು ಅದರ ಬಾಯಿಗಿಟ್ಟೆ. ಅರ್ಧ ಹೋಗಿ ನಿಂತಿತು. ಉಳಿದರ್ಧ ಹೊರಗೆ, ದೇವೀರಮ್ಮನ ಹೆಸರು ಕಾಣುವ ಹಾಗೆ. ವಾಪಸು ಎಳೆದುಕೊಳ್ಳಬಹುದಿತ್ತು, ಪೆಟ್ಟಿಗೆ ಖಾಲಿ ಮಾಡಿದ ಮೇಲೆ ಬಂದರಾಯಿತು ಎಂದು. ಹಿಂದಿನಿಂದ ಯಾರೋ, “ಅಜ್ಜಿ, ಒಳಗೆ ತಳ್ಳಿ, ನಮ್ಮದೂ ಇದೆ” ಅಂದರು. ಎರಡು ಬೆರಳು ಕೂಡಿಸಿ, ಗೆಣ್ಣಿನವರೆಗೂ ಒಳಗೆ ಹೋಗುವಂತೆ, ತಳ್ಳಿದೆ.